ಪಾರ್ಲರ್ ಅಕ್ಕನ ಹೊಟ್ಟೆಯ ಗುರುತುಗಳು

ನಮ್ಮ ಮನೆಯ ಮುಂದಿನ ಕೋಣೆಗೆ ಕೀಲಿ ಬಿದ್ದು ಐದಾರು ತಿಂಗಳಾಯಿತು. ಬೋರ್ಡು ಇಳಿಸಿದ ಜಾಗದಲ್ಲಿ ಗೋಡೆಯ ಬಣ್ಣ ಇನ್ನೂ ಹೊಸದರಂತೆಯೇ ಇದೆ. ಆದರೂ ವಾರಕ್ಕೊಬ್ಬರಾದರೂ ಬಂದು ಬೆಲ್ ಒತ್ತುತ್ತಾರೆ. ಪಾರ್ಲರ್ ಅಕ್ಕ ಎಲ್ಲಿಗೆ ಹೋದಳು, ಯಾಕೆ ಹೋದಳು, ಮತ್ತೆ ಯಾವಾಗ ಬರುತ್ತಾಳೆ ಎಂದು ಕೇಳುತ್ತಾರೆ. ಮೊದಮೊದಲು ನಿಂತು ವಿವರವಾಗಿ ಹೇಳುತ್ತಿದ್ದೆ. ಈಗ "ಬ್ಯಾಡಗಿಗೆ ಹೋಗ್ಯಾಳ್ರಿ, ತವರಿಗೆ" ಎಂದಷ್ಟೇ ಹೇಳಿ ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆ. ಹೇಳಿ ಹೇಳಿ ಸಾಕಾಗಿದೆ. ಮದುವೆ ಗೊತ್ತಾದ ಹುಡುಗಿಯರ ತಾಯಂದಿರು ಮಾತ್ರ ಅಷ್ಟಕ್ಕೆ ಹೋಗುವುದಿಲ್ಲ. ಆಕಿನ ಬೇಕಾಗಿತ್ತು ಎನ್ನುತ್ತ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೇ ಇರುತ್ತಾರೆ. ಆಕೆಯ ಬಗ್ಗೆ ಒಮ್ಮೆ ಕೂತು ಬರೆದರೆ ನನ್ನ ಮನಸ್ಸಿಗಾದರೂ ಉತ್ತರ ಸಿಕ್ಕೀತು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ರಾಣೇಬೆನ್ನೂರಿನಲ್ಲಿ ಆಕೆಯ ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರಿಗೂ ಆಕೆ ಪಾರ್ಲರ್ ಅಕ್ಕ.

ಆಕೆ ನಮ್ಮಲ್ಲಿಗೆ ಬಂದದ್ದು ನಾನು ಹೈಸ್ಕೂಲಿನಿಂದ ನಿವೃತ್ತಳಾದ ವರ್ಷ. ಅದಕ್ಕೂ ಮೊದಲು ಆ ಕೋಣೆಯಲ್ಲಿ ಝೆರಾಕ್ಸ್ ಅಂಗಡಿ ಇತ್ತು. ತೆಳ್ಳಗಿನ ಹೆಂಗಸು, ಮೂವತ್ತೈದರ ಆಸುಪಾಸು, ಮೊಣಕಾಲು ದಾಟುವ ಸಡಿಲ ಚೂಡಿದಾರ. ಕೋಣೆ ನೋಡಲು ಬಂದವರು ಬಾಡಿಗೆ ಕೇಳುತ್ತಾರೆ, ನೀರು ಕೇಳುತ್ತಾರೆ, ಕರೆಂಟಿನ ಮೀಟರು ಬೇರೆ ಇದೆಯೇ ಎಂದು ಕೇಳುತ್ತಾರೆ. ಈಕೆ ಒಳಗೆ ಕಾಲಿಟ್ಟವಳೇ "ಸಂಡಾಸ ಎಲ್ಲೈತ್ರಿ ಅಕ್ಕೋರ?" ಅಂದಳು. ಕೋಣೆಗೆ ಹತ್ತಿಕೊಂಡೇ ಇದೆ ಎಂದು ತೋರಿಸಿದೆ. ಹೋಗಿ ಚಿಲಕ ಹಾಕಿ ನೋಡಿ, ನಳ ತಿರುಗಿಸಿ ನೋಡಿ ಬಂದಳು. ಇದೇ ಕೋಣೆ ಇರಲಿ ಅಂದಳು. ಮಿಕ್ಕಿದ್ದನ್ನೆಲ್ಲ ಆಮೇಲೆ ಮಾತಾಡಿದೆವು. ಎಂಥ ಸ್ವಚ್ಛತೆಯ ಹೆಂಗಸು ಎಂದುಕೊಂಡೆ. ನಿಜವಾದ ಕಾರಣ ತಿಳಿಯಲು ಒಂದು ಮಳೆಗಾಲ ಬರಬೇಕಾಯಿತು.

ಹುಬ್ಬು ತೀಡುವುದು, ಕೂದಲು ಕತ್ತರಿಸುವುದು ಎಲ್ಲ ಪಾರ್ಲರಿನಲ್ಲೂ ಇದ್ದದ್ದೇ. ಆಕೆಗೆ ಹೆಸರು ತಂದದ್ದು ಮದುಮಗಳ ಸಿಂಗಾರ, ಅದರಲ್ಲೂ ಸೀರೆ ಉಡಿಸುವುದು. ರಾಣೇಬೆನ್ನೂರು, ಹಾವೇರಿ, ಬ್ಯಾಡಗಿ, ಮೂರೂ ಕಡೆಯ ಕಲ್ಯಾಣ ಮಂಟಪಗಳಿಂದ ಕರೆ ಬರುತ್ತಿತ್ತು. ಒಂದೆರಡು ಸಲ ನಾನೂ ಜೊತೆಗೆ ಹೋಗಿ ನೋಡಿದ್ದೇನೆ. ನಿದ್ದೆಗೆಟ್ಟು, ಹತ್ತು ಜನರ ಮಾತು ಕೇಳಿ ಅಳುಮೋರೆ ಮಾಡಿಕೊಂಡ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು ಮೊದಲು ಮುಖಕ್ಕೆ ಏನನ್ನೂ ಹಚ್ಚುತ್ತಿರಲಿಲ್ಲ. ಕೈ ತೊಳೆದು ಬಂದು ಅವಳ ಎರಡೂ ಅಂಗೈ ಹಿಡಿದು ಸುಮ್ಮನೆ ಕೂಡುತ್ತಿದ್ದಳು. ಉಸಿರು ಬಿಡು ತಾಯಿ, ಸೀರೆ ಎಲ್ಲೂ ಓಡಿಹೋಗುವುದಿಲ್ಲ ಅನ್ನುತ್ತಿದ್ದಳು. ಪಿನ್ನು ಹಚ್ಚುವುದರಲ್ಲಿ ಜಿಪುಣಿ. ಪಿನ್ನು ಹೆಚ್ಚಾದರೆ ಹುಡುಗಿ ಗೊಂಬೆಯಾಗುತ್ತಾಳೆ, ಹೆತ್ತವ್ವನನ್ನು ಅಪ್ಪಿಕೊಂಡು ಅಳಲಿಕ್ಕೂ ಆಗುವುದಿಲ್ಲ ಎಂಬುದು ಆಕೆಯ ವಾದ.

ಒಂದು ಸಲ ಹಾವೇರಿಯ ಮದುಮಗಳೊಬ್ಬಳ ಕುತ್ತಿಗೆಯ ಮೇಲೆ ಸುಟ್ಟ ಕಲೆ ಇತ್ತು. ಕೂಸಿದ್ದಾಗ ಕುದಿಯುವ ಹಾಲು ಬಿದ್ದದ್ದಂತೆ. ಅದನ್ನು ಮುಚ್ಚಬೇಕು ಎಂದು ಹುಡುಗಿ ತಾನೇ ಮೆಲ್ಲಗೆ ಕೇಳಿಕೊಂಡಳು. ಸುತ್ತ ಇದ್ದ ಹೆಂಗಸರು ಯಾಕೆ ಮುಚ್ಚಬೇಕು, ಗಂಡಿನ ಕಡೆಯವರಿಗೆ ಗೊತ್ತೇ ಇದೆಯಲ್ಲ ಎಂದು ಶುರುಮಾಡಿದರು. ಈಕೆ ಬಣ್ಣ ಕಲಸಿ, ಪದರ ಪದರವಾಗಿ ಹಚ್ಚಿ ಮುಚ್ಚಿದಳು. ಬರುವಾಗ ರೈಲಿನಲ್ಲಿ ನಾನು ಅದೇ ಮಾತು ತೆಗೆದೆ. "ಮುಚ್ಚು ಅಂದ್ರ ಮುಚ್ಚೂದ್ರಿ. ಯಾಕ ಅಂತ ಕೇಳಿದ್ರ ಆಕಿಗೆ ಇನ್ನೊಂದ ಸಲ ಸುಡತೈತಿ" ಅಂದಳು.

ರೈಲು ಅಂದೆನಲ್ಲ, ಆಕೆ ಬಸ್ಸಿನಲ್ಲಿ ಹೋದದ್ದನ್ನು ನಾನು ಕಂಡಿಲ್ಲ. ಬಸ್ ಸ್ಟ್ಯಾಂಡು ಮನೆಗೆ ಹತ್ತಿರ, ಹಾವೇರಿಗೆ ಬೇಕಾದಷ್ಟು ಬಸ್ಸು. ಆದರೂ ಸ್ಟೇಷನ್ನಿಗೇ ಹೋಗಿ ಕಾಯುತ್ತಿದ್ದಳು. ಮಂಟಪಕ್ಕೆ ಹೋದರೆ ಮೊದಲು ಎಲ್ಲ ಕಡೆ ಒಂದು ಸುತ್ತು ಹಾಕಿ ಬರುತ್ತಿದ್ದಳು. ಊಟಕ್ಕೆ ಎಷ್ಟು ಕರೆದರೂ ಪಂಕ್ತಿಯಲ್ಲಿ ಕೂಡುತ್ತಿರಲಿಲ್ಲ. ಸಣ್ಣ ಡಬ್ಬಿಯಲ್ಲಿ ಒಯ್ದ ಮೆತ್ತನೆಯ ಮೊಸರನ್ನ ಮೂಲೆಯಲ್ಲಿ ಕೂತು ತಿನ್ನುತ್ತಿದ್ದಳು. ರೊಟ್ಟಿ ಇಲ್ಲ, ಹಸಿ ಸೊಪ್ಪು ಇಲ್ಲ, ಖಾರ ಇಲ್ಲ. ತವರು ನೋಡಿದರೆ ಬ್ಯಾಡಗಿ. ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದಿನ ಓಣಿ. ಸುಗ್ಗಿ ಬಂತೆಂದರೆ ಮನೆಯೊಳಗೆ ಕೂತರೂ ಸೀನು ಬರುವಂಥ ಜಾಗ. ಆಕೆಯ ತಾಯಿ ವರ್ಷಕ್ಕೊಮ್ಮೆ ನನಗಾಗಿ ಕೆಂಪಗೆ ಒಣಗಿದ ಕಾಯಿ ತಂದುಕೊಡುತ್ತಿದ್ದರು. ಆಕೆ ಅದನ್ನು ಮೂಸಿ ನೋಡಿ, ಈ ಸಲ ಛಲೋ ಬಂದಿದೆ ಎಂದು ಹೇಳಿ ನನ್ನ ಕೈಗೆ ಕೊಡುತ್ತಿದ್ದಳು. ಅಷ್ಟೇ.

ಆ ಮಳೆಗಾಲದ ಒಂದು ಮಧ್ಯಾಹ್ನ ಅಂಗಡಿಯಿಂದ ಏನೋ ಬಿದ್ದ ಸದ್ದು ಕೇಳಿ ಹೋದೆ. ಆಕೆ ಕನ್ನಡಿಯ ಕೆಳಗೆ ನೆಲದ ಮೇಲೆ ಮುದುಡಿ ಕೂತಿದ್ದಳು. ಮುಖ ಬೆವತು ಬಿಳಿಚಿಕೊಂಡಿತ್ತು. ಹೊಟ್ಟೆ ನುಲಿಯುತ್ತಿದೆ, ತಾನೇ ನಿಲ್ಲುತ್ತದೆ ಅಂದಳು. ಎಬ್ಬಿಸಿ ತಂದು ನನ್ನ ಮಂಚದ ಮೇಲೆ ಮಲಗಿಸಿದೆ. ಬಿಸಿನೀರಿನ ಚೀಲ ಇಡಲು ಹೋದಾಗ ಆಕೆಯೇ ಅಂಗಿಯನ್ನು ಸ್ವಲ್ಪ ಮೇಲೆ ಸರಿಸಿ, ಮುಖವನ್ನು ಗೋಡೆಯ ಕಡೆ ಹೊರಳಿಸಿದಳು.

ಹೊಕ್ಕುಳದ ಮೇಲಿನಿಂದ ಶುರುವಾದ ಒಂದು ಗೆರೆ, ಹೊಕ್ಕುಳನ್ನು ಬಳಸಿಕೊಂಡು ಕೆಳಗೆ ಇಳಿದಿತ್ತು. ಅದರ ಉದ್ದಕ್ಕೂ ಹೊಲಿಗೆಯ ಅಡ್ಡಗುರುತುಗಳು. ಗೆರೆಯ ಎರಡೂ ಬದಿಗೆ ಹೊಟ್ಟೆ ಉಬ್ಬಿ, ನಡುವೆ ಒಳಗಿನಿಂದ ಯಾರೋ ಹಿಡಿದು ಎಳೆದಂತೆ ಕಾಣುತ್ತಿತ್ತು. ಬಲಗಡೆ, ಸೀರೆ ಉಟ್ಟರೆ ನೆರಿಗೆಯ ಪಕ್ಕ ಬರುವ ಜಾಗದಲ್ಲಿ, ಒಂದು ಕುಳಿ. ಸುತ್ತಲಿನ ಚರ್ಮವೆಲ್ಲ ಸುಕ್ಕುಗಟ್ಟಿ ಒಳಕ್ಕೆ ಸೇರಿಕೊಂಡಿತ್ತು, ದಾರ ಎಳೆದು ಬಿಗಿದ ಎಲೆಯಡಿಕೆ ಸಂಚಿಯ ಬಾಯಿಯ ಹಾಗೆ. ನಾನು ಚೀಲ ಇಟ್ಟು ಅಂಗಿ ಸರಿಮಾಡಿದೆ. ನೋವು ಇಳಿದ ಮೇಲೆ ಆಕೆ ತಾನಾಗಿ ಹೇಳಿದಳು.

ಮದುವೆಯಾಗಿ ಹಲಗೇರಿಗೆ ಹೋದ ಎರಡನೇ ವರ್ಷ ಹೊಟ್ಟೆನೋವು, ಭೇದಿ ಹತ್ತಿಕೊಂಡಿತು. ಮೈ ಇಳಿಯಿತು. ಕರುಳಿನ ಟಿಬಿ ಎಂದು ತಿಳಿದು ಬಹಳ ತಿಂಗಳು ಗುಳಿಗೆ ಕೊಟ್ಟರು. ಟಿಬಿಯೂ ಈಕೆಗೆ ಆಗಿದ್ದ ನಿಜವಾದ ಬೇನೆಯೂ ನೋಡಲು ಒಂದೇ ತರ ಇರುತ್ತವೆ ಎಂದು ಮುಂದೆ ದೊಡ್ಡ ಡಾಕ್ಟರು ಹೇಳಿದರಂತೆ. ಒಂದು ದಿನ ಕರುಳೇ ಕಟ್ಟಿಕೊಂಡಿತು. ಹುಬ್ಬಳ್ಳಿಗೆ ಒಯ್ದು ಹೊಟ್ಟೆ ಕೊಯ್ದು ಕೆಟ್ಟ ಭಾಗ ತೆಗೆದರು. ಉಳಿದ ಕರುಳಿನ ತುದಿಯನ್ನು ಬಲಗಡೆಯಿಂದ ಹೊರಗೆ ತಂದು ಅದಕ್ಕೊಂದು ಚೀಲ ಹಚ್ಚಿದರು. ಮಲವೆಲ್ಲ ಆ ಚೀಲಕ್ಕೆ. ಕೆಲವು ತಿಂಗಳಾದ ಮೇಲೆ ಅದನ್ನು ಒಳಗೆ ಸೇರಿಸಿ ಹೊಲಿದರು. ಕರುಳು ಊದಿ ಹುಣ್ಣಾಗುವ ಈ ಬೇನೆಯ ಹೆಸರು ಕ್ರೋನ್ಸ್ ಎಂದು ತಿಳಿದದ್ದು ಆಗಲೇ. "ಇದು ಹೋಗೂ ಬ್ಯಾನಿ ಅಲ್ರಿ. ಮಲಗತೈತಿ, ಮತ್ತ ಏಳತೈತಿ" ಅಂದಳು. ಎದ್ದಾಗ ಸಂಡಾಸಕ್ಕೆ ಒಂದು ನಿಮಿಷವೂ ತಡೆಯಲಾಗುವುದಿಲ್ಲ ಎಂದು ಕೇಳಿದಾಗ ಮೊದಲ ದಿನದ ಆ ಪ್ರಶ್ನೆ, ಬಸ್ಸು ಬಿಟ್ಟು ರೈಲು, ಮಂಟಪದ ಸುತ್ತು, ಎಲ್ಲದರ ಕಾರಣ ನನಗೆ ತಿಳಿಯಿತು.

ಚೀಲ ಇದ್ದಾಗಲೇ ಅತ್ತೆಯ ಮನೆಯವರು ಆರೈಕೆಗೆಂದು ತವರಿಗೆ ಕಳಿಸಿದ್ದರು. ಅದು ತೆಗೆದ ಮೇಲೆ ಕರೆಯಲು ಬರುತ್ತಾರೆ ಎಂದು ಇವರು ಕಾದರು. ಗಂಡ ಎರಡು ಮೂರು ಸಲ ಬಂದು ಹೋದ. ಬರುವಾಗ ಪೇರಲ ಹಣ್ಣು ತರುತ್ತಿದ್ದ. ಬೀಜದ ಹಣ್ಣು ಆಕೆಗೆ ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದದ್ದೇ, ಮರೆತಿದ್ದ. ಆಮೇಲೆ ಬರುವುದು ನಿಂತಿತು. ಜಗಳ ಆಗಲಿಲ್ಲ, ಹಿರಿಯರು ಕೂತು ಬಿಡಿಸಿಕೊಟ್ಟರು. ಆಕೆ ಪಾರ್ಲರ್ ಕೆಲಸ ಕಲಿತು ರಾಣೇಬೆನ್ನೂರಿಗೆ ಬಂದಳು.

ಅವರ ಬಗ್ಗೆ ಆಕೆ ಕೆಟ್ಟದ್ದು ಆಡಿದ್ದನ್ನು ನಾನು ಕೇಳಿಲ್ಲ. ಮುಂದೊಂದು ವರ್ಷ ಹಲಗೇರಿಯ ಮದುವೆಯೊಂದಕ್ಕೆ ಕರೆ ಬಂತು. ಹುಡುಗಿ ಹಳೆಯ ಗಂಡನ ಕಡೆಯವಳೇ ಎಂದು ಗೊತ್ತಿದ್ದೂ ಹೋದಳು. ಅಲ್ಲಿ ಹಳೆಯ ಅತ್ತೆ ಎದುರಿಗೆ ಸಿಕ್ಕು, ಹೇಗೂ ಬಂದಿದ್ದಾಳಲ್ಲ ಎಂದು ತನಗೂ ಒಂದು ತುರುಬು ಹಾಕಿಸಿಕೊಂಡರಂತೆ. ಮನೆಗೆ ಬಂದವಳನ್ನು ಹೇಗಾಯಿತು ಎಂದು ಕೇಳಿದೆ. ಬ್ಯಾಗು ಕೆಳಗಿಟ್ಟು, "ಆಕಿ ಕೂದ್ಲ ಭಾಳ ಉದರ್ಯಾವ್ರಿ" ಅಂದಳು.

ಬೇನೆಯ ಹೆಸರು ಹೇಳುವುದನ್ನು ಆಕೆ ಬಿಟ್ಟದ್ದು ಕೊರೋನಾ ಬಂದು ಹೋದ ಮೇಲೆ. ಯಾರಾದರೂ ಕೇಳಿದಾಗ ಕ್ರೋನ್ಸ್ ಅಂದರೆ ಅವರ ಕಿವಿಗೆ ಕೊರೋನಾ ಎಂದೇ ಬೀಳುತ್ತಿತ್ತು. ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯೊಬ್ಬಳು ಅರ್ಧ ತೀಡಿದ ಹುಬ್ಬಿನಲ್ಲೇ ಎದ್ದು ಹೋಗಿದ್ದಳು. ಅಂದಿನಿಂದ ಕೇಳಿದವರಿಗೆ ಕರುಳಿನ ಬೇನೆ ಅನ್ನತೊಡಗಿದಳು. ಬೇನೆ ಎದ್ದಾಗ ಕೊಡುವ ಗುಳಿಗೆಯಿಂದ ಮುಖ ದುಂಡಗೆ ಊದಿಕೊಳ್ಳುತ್ತಿತ್ತು. ಆಗೆಲ್ಲ ಬಂದವರು ಈಗ ಮೈ ತುಂಬಿಕೊಂಡು ಚಂದ ಕಾಣುತ್ತೀ ಅನ್ನುತ್ತಿದ್ದರು. ಹೌದ್ರಿ ಎಂದು ನಕ್ಕು ಕೆಲಸ ಮುಂದುವರಿಸುತ್ತಿದ್ದಳು. ಹೀಗೆ ನಕ್ಕು ಸುಮ್ಮನಾಗುವುದಕ್ಕೂ ಎಷ್ಟು ಶಕ್ತಿ ಬೇಕು ಎಂಬುದು ಅವರು ಹೋದ ಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತಿದ್ದ ಆಕೆಯನ್ನು ನೋಡಿದರೆ ತಿಳಿಯುತ್ತಿತ್ತು.

ತಿಂಗಳಿಗೊಮ್ಮೆ ಆಕೆ ನನ್ನ ಕೂದಲಿಗೆ ಬಣ್ಣ ಹಚ್ಚುತ್ತಿದ್ದಳು. ಹಾಗೆ ಒಂದು ದಿನ ಬೆನ್ನ ಹಿಂದೆ ನಿಂತು ಬೈತಲೆ ತೆಗೆಯುತ್ತ, ಹೊಟ್ಟೆಯ ಮೇಲಿನ ಕಲೆಗಳನ್ನು ತೆಗೆಸಬೇಕೆಂದಿದ್ದೇನೆ ಅಂದಳು. ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಸರ್ಜರಿ ಮಾಡುವ ಡಾಕ್ಟರಮ್ಮನೊಬ್ಬರ ವಿಷಯ ವಿಚಾರಿಸಿಟ್ಟಿದ್ದಳು. ನಾನು ಕನ್ನಡಿಯಲ್ಲಿ ಆಕೆಯ ಮುಖ ನೋಡಿದೆ. ನಾನು ಕೇಳುವ ಮೊದಲೇ ಆಕೆ ಉತ್ತರ ಕೊಟ್ಟಳು.

"ಯಾರಿಗೆ ತೋರಸಬೇಕಾಗೈತಿ ಅಂತ ನಮ್ಮವ್ವ ಕೇಳಿದ್ಲು. ಯಾರಿಗೂ ಇಲ್ರಿ ಅಕ್ಕೋರ. ದಿನಾ ಜಳಕಕ್ಕ ಹೋದ್ರ ಮೊದಲಿಂದ ಕೊನಿತನಕಾ ಎಲ್ಲಾ ಮತ್ತೊಮ್ಮೆ ನಡದಂಗ ಆಗತೈತಿ. ನೋಡ್ಬಾರ್ದು ಅಂತ ಕಣ್ಣ ಮುಚ್ಚಿ ನೀರ ಹಾಕ್ಕೋತೀನಿ. ಕೈಗೆ ಹತ್ತತೈತಿ. ಸಾಕಾಗೈತಿ ನನಗ."

ತಾಯಿ ಒಪ್ಪಿರಲಿಲ್ಲ. ಆ ಮುದುಕಿಯದೂ ತಪ್ಪಿಲ್ಲ. ಚೀಲ ಇದ್ದ ತಿಂಗಳುಗಳಲ್ಲಿ ಅದನ್ನು ಬಿಚ್ಚಿ ತೊಳೆದು ಕಟ್ಟಿದವರು ಅವರೇ. ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿದವರು ಅವರೇ. ಮಗಳು ಬದುಕಿ ಬಂದರೆ ಕದರಮಂಡಲಗಿಯ ಹಣಮಪ್ಪನ ಗುಡಿಗೆ ನಡೆದು ಬರುತ್ತೇನೆ ಎಂದು ಹರಸಿಕೊಂಡು, ಬ್ಯಾಡಗಿಯಿಂದ ಬರಿಗಾಲಿನಲ್ಲಿ ಹೋಗಿ ಬಂದಿದ್ದರು. ಈಗ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಮಗಳಿಗೆ ಕೇಳುವ ಹಾಗೆ ನನಗೆ ಹೇಳಿದರು: "ಜೀವಾ ಹೋಗಾಕತ್ತಿತ್ತು, ಕೊಯ್ಸಿದ್ವಿ. ಈಗ ಕುಂತ ಕುಂತಲ್ಲೆ ಕತ್ತರಿ ಹಚ್ಚಸ್ಕೊಳ್ಳೂದು ಯಾವ ಕರ್ಮಕ್ರಿ? ಮತ್ತೊಮ್ಮೆ ಆ ಬಾಗಲಾ ಕಾಯಾಕ ನನ್ನಿಂದ ಆಗಂಗಿಲ್ಲ. ನಾ ಬರಾಂಗಿಲ್ಲ."

ಆಕೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ತಾಯಿ ಬ್ಯಾಡಗಿಗೆ ಹೋದ ಮೇಲೆ, ನೀವು ಬರುತ್ತೀರಾ ಎಂದು ನನ್ನನ್ನು ಕೇಳಿದಳು. ಬರುತ್ತೇನೆ ಅಂದೆ. ಅದು ಸರಿಯೋ ತಪ್ಪೋ ನನಗೂ ಗೊತ್ತಿರಲಿಲ್ಲ. ಆದರೆ ಹಾವೇರಿಯ ಆ ಹುಡುಗಿಯ ಕುತ್ತಿಗೆ ನೆನಪಿತ್ತು, ಹಾಗಾಗಿ ಯಾಕೆ ಎಂದು ಕೇಳಲು ಬಾಯಿ ಬರಲಿಲ್ಲ.

ಹುಬ್ಬಳ್ಳಿಯ ಡಾಕ್ಟರಮ್ಮ ನಮ್ಮ ಕಡೆಯವರೇ. ಹೊಟ್ಟೆ ನೋಡಿದರು, ಒತ್ತಿ ನೋಡಿದರು, ಗುಳಿಗೆಗಳ ಹೆಸರು ಬರೆದುಕೊಂಡರು. ಆಮೇಲೆ ಮುಚ್ಚುಮರೆ ಇಲ್ಲದೆ ಹೇಳಿದರು. ಗೆರೆಯನ್ನು ತೆಳ್ಳಗೆ ಮಾಡಬಹುದು, ಇಲ್ಲವೇ ಇಲ್ಲ ಅನ್ನುವಂತೆ ಮಾಡಲು ಯಾರಿಂದಲೂ ಆಗುವುದಿಲ್ಲ. ಈ ಬೇನೆ ಇರುವವರಿಗೆ, ಅದರಲ್ಲೂ ಈ ಗುಳಿಗೆ ನುಂಗುವವರಿಗೆ, ಗಾಯ ಮಾಯುವುದು ನಿಧಾನ, ಕೀವು ಆಗುವ ಭಯವೂ ಇದೆ. ಬೇನೆ ಬಹಳ ದಿನ ಶಾಂತವಾಗಿರಬೇಕು, ಹೊಟ್ಟೆಯ ಡಾಕ್ಟರು ಒಪ್ಪಬೇಕು, ಆಮೇಲೆ ಮುಂದಿನ ಮಾತು.

"ಮತ್ತ ಕೊಯ್ಯೂದು ಬರತೈತೇನ್ರಿ ಮೇಡಂ?" ಎಂದು ಆಕೆ ಕೇಳಿದಳು.

"ಬರಬಹುದವಾ. ಬರದನೂ ಇರಬಹುದು. ಬಂದ್ರ ಇದ ಉದ್ದನ ಗೆರಿ ಮ್ಯಾಲನ ಕೊಯ್ಯೂದು. ನಾ ಎಷ್ಟ ಚಂದ ಹೊಲದ್ರೂ ಅವರು ಬಿಚ್ಚತಾರ."

ಆಕೆ ತಲೆಯಾಡಿಸಿದಳು. ಬರುವಾಗ ರೈಲಿನಲ್ಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆಹೋದಳು. ಹಾವೇರಿ ದಾಟಿದ್ದೂ, ಬ್ಯಾಡಗಿ ದಾಟಿದ್ದೂ ಆಕೆಗೆ ಗೊತ್ತಾಗಲಿಲ್ಲ. ಇದು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಆಕೆ ಅದಕ್ಕಾಗಿ ಬದುಕಿದ ರೀತಿ ನೋಡಿದ್ದೇನೆ. ಹೊತ್ತಿಗೆ ಸರಿಯಾಗಿ ಗುಳಿಗೆ, ಹೊತ್ತಿಗೆ ಸರಿಯಾಗಿ ಮೆತ್ತನೆಯ ಊಟ, ಒಂದು ದಿನಕ್ಕೆ ಒಂದೇ ಮದುವೆ. ಮಧ್ಯಾಹ್ನ ಅಂಗಡಿಯ ಪರದೆ ಎಳೆದು ಮಲಗುತ್ತಿದ್ದಳು. ದೇಹವನ್ನು ಸಿಟ್ಟಿನ ಅತ್ತೆಯನ್ನು ನೋಡಿಕೊಂಡ ಹಾಗೆ ನೋಡಿಕೊಂಡಳು, ಎಲ್ಲಿಯೂ ಸದ್ದಾಗದಂತೆ, ಎಬ್ಬಿಸದಂತೆ. ಬೇನೆ ಮಲಗಿತು. ಹೊಟ್ಟೆಯ ಡಾಕ್ಟರು ಕ್ಯಾಮೆರಾ ಹಾಕಿ ನೋಡಿ, ಮಾಡಿಸಬಹುದು ಎಂದರು. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಅಂಗಡಿ ಮುಚ್ಚಿದರೂ ನಡೆಯುತ್ತದೆ ಎಂದು ಆಷಾಢವನ್ನೇ ಆರಿಸಿಕೊಂಡಳು.

ದಿನ ಗೊತ್ತುಮಾಡಲು ಮತ್ತೆ ಹುಬ್ಬಳ್ಳಿಗೆ ಹೋದೆವು. ಡಾಕ್ಟರಮ್ಮ ಮೇಲಿನಿಂದ ಕೆಳಗಿನತನಕ ಏನೇನು ಮಾಡಬಹುದೆಂದು ಹೇಳುತ್ತಿದ್ದರು. ಆಕೆ ಪೂರ್ತಿ ಕೇಳಿ, ಉದ್ದನೆಯ ಗೆರೆಯನ್ನು ಬಿಟ್ಟುಬಿಡಿ, ಬಲಗಡೆಯ ಕುಳಿ ಒಂದನ್ನೇ ತೆಗೆಯಿರಿ ಅಂದಳು. ಡಾಕ್ಟರಮ್ಮನಿಗೂ ಅದೇ ಲೇಸೆನಿಸಿತು. ಸಣ್ಣ ಕೆಲಸ, ಆ ಭಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದು, ಕರುಳಿನ ತಂಟೆಗೆ ಹೋಗುವುದಿಲ್ಲ. ಆದರೆ ನನಗೆ ಆಶ್ಚರ್ಯವಾಯಿತು. ಇಷ್ಟು ದಿನ ಕಾದದ್ದು ಇದೊಂದಕ್ಕೆಯೇ? ಕಾರಣವನ್ನು ಆಕೆ ಹೇಳಿದ್ದು ರೈಲಿನಲ್ಲಿ, ನಾನು ಕೇಳದೆಯೇ.

"ಉದ್ದನ ಗೆರಿ ಜೀವಾ ಉಳಸೇತಿ. ಅದರ ಮ್ಯಾಲ ನನಗ ಸಿಟ್ಟಿಲ್ಲ. ಈ ಬಲಗಡಿದ್ದು ಚೀಲಾ ಇದ್ದ ಜಾಗಾ. ಹಲಗೇರ್ಯಾಗ ಒಮ್ಮೆ ಮನಿ ತುಂಬಾ ಬೀಗರು ಕುಂತಿದ್ರು. ನಾ ಚಹಾ ಕೊಡಾಕತ್ತಿದ್ದೆ. ಚೀಲಾ ಸೋರ್ತು. ವಾಸನಿ ಬಂತು. ಯಾರೂ ಏನೂ ಅನ್ಲಿಲ್ಲ ಅಕ್ಕೋರ. ಎದ್ದು ಕಿಟಕಿ ತಗದ್ರು."

ಆಮೇಲೆ ಆಕೆಯೇ, "ಬೈದಿದ್ರ ಮರೀತಿದ್ದೆ" ಅಂದಳು.

ಆಪರೇಶನ್ನಿನ ದಿನ ನಾವಿಬ್ಬರೂ ಬೆಳಗಿನ ಗಾಡಿ ಹತ್ತಿದೆವು. ಬ್ಯಾಡಗಿ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಆಕೆಯ ತಾಯಿ ಪ್ಲಾಟ್‌ಫಾರಂ ಮೇಲೆ ನಿಂತಿದ್ದರು. ಕೈಯಲ್ಲಿ ಚಾಪೆ, ಗಂಜಿಯ ಥರ್ಮಾಸು. ಹತ್ತಿ ಬಂದು ಮಗಳ ಪಕ್ಕದಲ್ಲಿ ಕೂತರು. ಮಗಳು ಸರಿದು ಜಾಗ ಮಾಡಿಕೊಟ್ಟಳು. ಹುಬ್ಬಳ್ಳಿಯತನಕ ಮೂವರೂ ಹಾಗೆಯೇ ಕೂತು ಹೋದೆವು. ಆಸ್ಪತ್ರೆಯಲ್ಲಿ ಚಾಪೆ ಬೇಕಾಗಲಿಲ್ಲ, ಸಂಜೆಯೊಳಗೆ ಹೊರಗೆ ಕಳಿಸಿದರು.

ಡಾಕ್ಟರಮ್ಮ ಹೇಳಿದ್ದೇ ನಿಜವಾಯಿತು. ಬೇರೆಯವರಿಗೆ ಒಂದೆರಡು ವಾರದಲ್ಲಿ ಒಣಗುವ ಗಾಯ ಈಕೆಗೆ ಶ್ರಾವಣ ಕಳೆದರೂ ಒಣಗಲಿಲ್ಲ. ಒಂದು ತುದಿಯಲ್ಲಿ ಬಾಯಿ ಬಿಟ್ಟು ರಸಿಗೆ ಸುರಿಯಿತು. ದಿನ ಬಿಟ್ಟು ದಿನ ಪಕ್ಕದ ರಸ್ತೆಯ ದವಾಖಾನೆಗೆ ಹೋಗಿ ಪಟ್ಟಿ ಬದಲಾಯಿಸಿಕೊಂಡು ಬರಬೇಕು. ತಾಯಿ ನಮ್ಮಲ್ಲೇ ಉಳಿದಿದ್ದರು. ಅರಿಷಿಣ ಹಚ್ಚುತ್ತೇನೆ ಅನ್ನುವುದು ಅವರು, ಬೇಡ ಅನ್ನುವುದು ಮಗಳು. ಪಟ್ಟಿ ಬಿಚ್ಚಿದಾಗಲೆಲ್ಲ ಆ ಮುದುಕಿ ಮುಖ ತಿರುಗಿಸುತ್ತಿರಲಿಲ್ಲ. ಬಗ್ಗಿ ನೋಡಿ, ನಿನ್ನೆಗಿಂತ ಸಣ್ಣದಾಗಿದೆ ಅನ್ನುತ್ತಿದ್ದರು. ಕೆಲವು ದಿನ ಅದು ಸುಳ್ಳಾಗಿರುತ್ತಿತ್ತು. ಒಮ್ಮೆ ಆಕೆ ಬಹಳ ದಣಿದು, ನಾನು ಇದನ್ನು ಮಾಡಿಸಬಾರದಾಗಿತ್ತೇನೋ ಅಂದಳು. ತಾಯಿ "ಮಾಡ್ಸ್ಯಾಗೈತಿ, ಇನ್ನ ಮಾಯಸೂದು" ಎಂದು ಹೇಳಿ ಗಂಜಿ ಕಲಸಿಕೊಟ್ಟರು.

ದಸರೆಯ ಹೊತ್ತಿಗೆ ಮಾಯಿತು. ಕುಳಿ ಇದ್ದಲ್ಲಿ ಎರಡು ಬೆರಳಗಲ ಉದ್ದದ ಒಂದು ಗೆರೆ ಉಳಿಯಿತು. ಮೊದಲು ಕೆಂಪಗಿತ್ತು, ಬರಬರುತ್ತ ಮೈಬಣ್ಣಕ್ಕೆ ತಿರುಗಿತು. ಒಂದು ದಿನ ಜಳಕ ಮಾಡಿ ಬಂದು ಕೂದಲು ಒರೆಸಿಕೊಳ್ಳುತ್ತ, ಈಗ ಕಣ್ಣು ತೆರೆದೇ ನೀರು ಹಾಕಿಕೊಳ್ಳುತ್ತೇನೆ ಅಂದಳು. ಅದು ದೊಡ್ಡ ಸಂತೋಷದ ದನಿಯೇನೂ ಆಗಿರಲಿಲ್ಲ. ಬೆನ್ನ ಮೇಲಿನ ಒಂದು ಗಂಟನ್ನು ಇಳಿಸಿದವರ ದನಿ. ಆ ವರ್ಷ ದೀಪಾವಳಿಗೆ ನೇರಳೆ ಬಣ್ಣದ ಇಳಕಲ್ ಸೀರೆ ಉಟ್ಟುಕೊಂಡು ನಮ್ಮ ಮನೆಗೆ ಆರತಿಗೆ ಬಂದಳು. ಓಣಿಯ ಹೆಂಗಸರು, ನಿನಗೂ ಸೀರೆ ಉಡಲು ಬರುತ್ತದೇನು ಎಂದು ಚೇಷ್ಟೆ ಮಾಡಿದರು.

ಮದುವೆಯ ಎರಡು ಹಂಗಾಮು ಚೆನ್ನಾಗಿ ನಡೆದವು. ಆಮೇಲೆ ಬೇನೆ ಎದ್ದಿತು. ಯಾರೂ ಏನೂ ತಪ್ಪು ಮಾಡಿರಲಿಲ್ಲ, ಊಟ ತಪ್ಪಿರಲಿಲ್ಲ, ಗುಳಿಗೆ ತಪ್ಪಿರಲಿಲ್ಲ. ಗುಳಿಗೆ ಹೋಗಿ ಇಂಜೆಕ್ಷನ್ ಬಂತು. ಇಂಜೆಕ್ಷನ್ ಮಾಡಿಸಿಕೊಂಡು ಬಂದ ಎರಡು ದಿನ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಒಂದು ಮದುವೆಗೆ ಒಪ್ಪಿಕೊಂಡು, ಹೊರಡುವ ಹೊತ್ತಿಗೆ ಆಗದೆ ಬೇರೊಬ್ಬಳನ್ನು ಕಳಿಸಬೇಕಾಯಿತು. ಅಂದು ಮಧ್ಯಾಹ್ನವೆಲ್ಲ ಆಕೆ ಅಂಗಡಿಯಲ್ಲಿ ಪರದೆ ಎಳೆಯದೆ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಮರುವಾರ ಬಂದು ಕೋಣೆ ಬಿಡುತ್ತೇನೆ ಅಂದಳು. ನಿಲ್ಲುವ ಕೆಲಸ, ಇನ್ನು ನಿಲ್ಲಲಾರೆ ಅಂದಳು. ಕನ್ನಡಿ, ಕುರ್ಚಿ ಎಲ್ಲ ಗೂಡ್ಸ್ ಗಾಡಿಗೆ ಏರಿಸಿ, ತಾನು ಯಥಾಪ್ರಕಾರ ಸ್ಟೇಷನ್ನಿಗೆ ಹೋದಳು.

ಕಳೆದ ತಿಂಗಳು ನಾನು ಬ್ಯಾಡಗಿಗೆ ಹೋಗಿ ನೋಡಿಬಂದೆ. ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೈ ಮತ್ತೆ ಇಳಿದಿತ್ತು. ಓಣಿಯ ಹುಡುಗಿಯರು ಹುಬ್ಬು ತೀಡಿಸಿಕೊಳ್ಳಲು ಬರುತ್ತಾರಂತೆ, ಅವರನ್ನು ಎದುರಿಗೆ ಕೂಡಿಸಿಕೊಂಡು ತಾನೂ ಕೂತೇ ಮಾಡುತ್ತಾಳಂತೆ. ತಾಯಿ ಚಹಾಕ್ಕೆ ಇಡಲು ಒಳಗೆ ಹೋದರು. ಆಗ ಆಕೆ ಹೇಳಿದಳು. ಕರುಳು ಇನ್ನೊಂದು ಕಡೆ ಸಣ್ಣದಾಗುತ್ತ ಬಂದಿದೆ. ಸುಗ್ಗಿ ಮುಗಿಯುವುದರೊಳಗೆ ಮತ್ತೆ ಕೊಯ್ಯಬೇಕಾಗಬಹುದು. ಸ್ವಲ್ಪ ದಿನದ ಮಟ್ಟಿಗೆ ಚೀಲವನ್ನೂ ಹಚ್ಚಬೇಕಾದೀತು.

ನಾನು ಆಕೆಯ ಕೈ ಹಿಡಿದೆ. ಬೆರಳುಗಳು ತಣ್ಣಗಿದ್ದವು. ಡಾಕ್ಟರಿಗೆ ಏನು ಹೇಳಿದಿ ಎಂದು ಕೇಳಿದೆ.

"ಕೊಯ್ಯೂದಿದ್ರ ಉದ್ದನ ಗೆರಿ ಮ್ಯಾಲನ ಕೊಯ್ರಿ ಅಂದೆ. ಚೀಲಾ ಹಚ್ಚೂದು ಬಂದ್ರ ಎಡಕ್ಕ ಹಚ್ರಿ. ಬಲಕ್ಕ ಮುಟ್ಟಬ್ಯಾಡ್ರಿ, ಅದು ನಾ ಮಾಡ್ಸೀನಿ ಅಂದೆ."

"ಏನಂದ್ರು?"

"ಅಲ್ಲಿಗೆ ಹಚ್ಚೂದ ರೂಢಿ ಅಂದ್ರು. ಆಮ್ಯಾಲ ನನ್ನ ಮಾರಿ ನೋಡಿದ್ರು. ಆತು, ಎಡಕ್ಕ ನೋಡೋಣು ಅಂದ್ರು."

ಅಷ್ಟು ಹೇಳುವುದರೊಳಗೆ ಆಕೆಗೆ ದಣಿವಾಗಿತ್ತು. ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದಳು. ತಾಯಿ ಚಹಾ ತಂದು ನನ್ನ ಮುಂದಿಟ್ಟು, ಮಗಳ ಕಾಲಿನ ಮೇಲೆ ಚಾದರ ಎಳೆದು, ಮಾತಾಡಬೇಡಿ ಎಂದು ಕೈಸನ್ನೆ ಮಾಡಿದರು. ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ. ನನ್ನ ಗಾಡಿಯ ಹೊತ್ತಾಗಿತ್ತು. ಆಕೆಯ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು, ಹಾಗಾಗಿ ಆಕೆ ಏಳುವತನಕ ಅಲ್ಲೇ ಕೂತೆ.